ಗಾಣದಿಂದ ಕ್ರಿಯಾವರ್ಧಕದವರೆಗೆ: ನಮ್ಮ ಸೀಮೆಯ ಎಣ್ಣೆ ಮತ್ತು ಒಂದು ಪ್ರಬಲ ಆಮ್ಲದ ಚರಿತ್ರೆ

ನಮ್ಮ ಸೀಮೆಯ ಚರಿತ್ರೆ ಎಂದೊಡನೆ ಕಣ್ಣೆದುರು ನಿಲ್ಲುವುದು ರಾಯದುರ್ಗದ ಬೆಟ್ಟದ ಮೇಲಿನ ಕೋಟೆ ಮತ್ತು ಮಡಕಶಿರಾದ ಕಡೆಯ ಹೇಮಾವತಿಯಲ್ಲಿ ನೊಳಂಬರು ಬಿಟ್ಟುಹೋದ ದೇಗುಲಗಳು, ಕನ್ನಡ ಶಾಸನಗಳು. ಅವುಗಳ ವಿಷಯ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ಈ ಶತಮಾನೋತ್ಸವ ಸಂಚಿಕೆಯಲ್ಲಿ ನಾನು ಹೇಳಹೊರಟಿರುವುದು ಅರಸರಿಲ್ಲದ ಮತ್ತೊಂದು ಚರಿತ್ರೆಯನ್ನು. ಅದರ ಒಂದು ತುದಿ ನಮ್ಮ ಹೊಲದ ಬದುವಿನಲ್ಲಿದೆ. ಇನ್ನೊಂದು ತುದಿ ಪ್ಯಾರಿಸ್, ಸಿನ್ಸಿನಾಟಿ, ಬೆಂಗಳೂರುಗಳ ಪ್ರಯೋಗಶಾಲೆಗಳಲ್ಲಿದೆ. ನಡುವೆ ಇರುವುದು ಎಣ್ಣೆ. ಎಣ್ಣೆಯನ್ನು ಒಡೆಯುವುದಕ್ಕೂ ಕೂಡಿಸುವುದಕ್ಕೂ ನೆರವಾದ ಒಂದು ಬಗೆಯ ಪ್ರಬಲ ಸಾವಯವ ಆಮ್ಲ.

ವಿಜ್ಞಾನದ ಮೇಷ್ಟರಾಗಿ ಇಷ್ಟು ವರ್ಷ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಹೇಳಿದವನು ನಾನು. ಒಮ್ಮೆ ತರಗತಿಯಲ್ಲಿ, ಕ್ರಿಯಾವರ್ಧಕವು ಕ್ರಿಯೆಯಲ್ಲಿ ವ್ಯಯವಾಗುವುದಿಲ್ಲ ಎಂದು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, “ಖರ್ಚೇ ಆಗದಿದ್ದರೆ ಕಾರ್ಖಾನೆಯವರು ಅದನ್ನು ಮತ್ತೆ ಮತ್ತೆ ಯಾಕೆ ಕೊಳ್ಳುತ್ತಾರೆ ಸಾರ್?” ಎಂದು ಕೇಳಿದ. ಆ ದಿನ ನಾನು ಕೊಟ್ಟ ಉತ್ತರ ಅರ್ಧ ಉತ್ತರ. ಪೂರ್ತಿ ಉತ್ತರವನ್ನು ಹುಡುಕುತ್ತ ಹೋದಾಗ ದೊರೆತದ್ದೇ ಈ ಲೇಖನದ ಸಾಮಗ್ರಿ.

ಎಣ್ಣೆಯ ಸೀಮೆ

ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ ಅನಂತಪುರದ ಕೆಂಪು ನೆಲಕ್ಕೆ ಎಣ್ಣೆಕಾಳು ಒಗ್ಗಿದಂತೆ ಬೇರೆ ಬೆಳೆ ಒಗ್ಗಲಿಲ್ಲ. ರಾಯದುರ್ಗದ ಕಡೆ ಶೇಂಗಾ, ಮಡಕಶಿರಾದ ಕಡೆ ಕಡಲೆಕಾಯಿ; ಅಲ್ಲಿ ಔಡಲ, ಇಲ್ಲಿ ಹರಳು. ಹೆಸರು ಎರಡಾದರೂ ಬೆಳೆ ಒಂದೇ, ಮುಗಿಲು ನೋಡುವ ಕಣ್ಣು ಒಂದೇ. ಬದುವಿನ ಮೇಲೆ ಹೊಂಗೆ, ಊರ ಸುತ್ತ ಬೇವು, ತೋಪಿನಲ್ಲಿ ಹಿಪ್ಪೆ. ಇವೆಲ್ಲದರ ಬೀಜವೂ ಒಂದು ಕಾಲಕ್ಕೆ ಗಾಣಕ್ಕೆ ಹೋಗುತ್ತಿತ್ತು. ದೇವಾಲಯದ ನಂದಾದೀವಿಗೆಗೆ ಎಣ್ಣೆಯ ದತ್ತಿ, ಗಾಣದ ಮೇಲೆ ಗಾಣದೆರೆ ಎಂಬ ಮಾತುಗಳು ಕನ್ನಡ ಶಾಸನಗಳನ್ನು ಓದಿದವರಿಗೆಲ್ಲ ಪರಿಚಿತ. ಅಂದರೆ ಎಣ್ಣೆ ಈ ನಾಡಿನಲ್ಲಿ ಅಡುಗೆಯ ಸಾಮಗ್ರಿ ಮಾತ್ರವಾಗಿರದೆ ಬೆಳಕೂ ಔಷಧವೂ ರಾಜಾದಾಯವೂ ಆಗಿತ್ತು.

ನಮ್ಮ ಶಾಲೆ ಬಾಗಿಲು ತೆರೆದ ಕಾಲಕ್ಕೆ ಎರಡೂ ತಾಲೂಕುಗಳು ಮದರಾಸು ಪ್ರಾಂತ್ಯದಲ್ಲಿದ್ದವು. ರಾಯದುರ್ಗ ಬಳ್ಳಾರಿ ಜಿಲ್ಲೆಗೆ, ಮಡಕಶಿರಾ ಅನಂತಪುರ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಬಳ್ಳಾರಿ ಮೈಸೂರಿಗೆ ಹೋಯಿತು. 2022ರಲ್ಲಿ ಮಡಕಶಿರಾ ಹೊಸದಾಗಿ ರಚಿತವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಹೀಗೆ ಸರಿದಾಡಿದರೂ ಎಣ್ಣೆಯ ಮೇಲೆ ನಿಂತ ಬದುಕು ಗಡಿಯ ಎರಡೂ ಕಡೆ ಒಂದೇ ಆಗಿತ್ತು. ಅತ್ತ ಚಳ್ಳಕೆರೆ ಎಣ್ಣೆ ಗಿರಣಿಗಳ ಊರೆಂದು ಹೆಸರು ಮಾಡಿತು. ಇತ್ತ ಅನಂತಪುರದಲ್ಲಿ ಎಣ್ಣೆಯ ವಿದ್ಯೆಗೆಂದೇ ತೈಲ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹುಟ್ಟಿತು. ಇಂದು ಅದು ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯದ ಅಂಗವಾಗಿದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇಷ್ಟೊಂದು ಎಣ್ಣೆಬೀಜ ಬೆಳೆದ ಸೀಮೆಯಲ್ಲಿ ಬೀಜದ ಬೆಲೆಯಷ್ಟೇ ಉಳಿಯಿತೇ ಹೊರತು ಎಣ್ಣೆಯಿಂದಾಗುವ ನೂರು ವಸ್ತುಗಳ ಬೆಲೆ ಏಕೆ ಉಳಿಯಲಿಲ್ಲ? ಉತ್ತರ ಕಾಣಬೇಕಾದರೆ ಎಣ್ಣೆಯ ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ಒಡೆಯುವುದೂ ಕೂಡಿಸುವುದೂ

ಕೊಬ್ಬು ಮತ್ತು ಎಣ್ಣೆ ಸರಳ ವಸ್ತುಗಳಲ್ಲ, ಅವು ಮೇದಾಮ್ಲಗಳೂ ಗ್ಲಿಸರಿನ್ನೂ ಕೂಡಿ ಆದವು ಎಂಬುದನ್ನು ಫ್ರಾನ್ಸಿನ ಶೆವ್ರೇಲ್ 1823ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರವಾಗಿ ತೋರಿಸಿದ. ಒಂದು ಗ್ಲಿಸರಿನ್ ಅಣುವಿಗೆ ಮೂರು ಮೇದಾಮ್ಲದ ಅಣುಗಳು ಅಂಟಿಕೊಂಡಿರುತ್ತವೆ. ಈ ಬಂಧಕ್ಕೆ ಎಸ್ಟರ್ ಬಂಧವೆಂದು ಹೆಸರು. ನೀರು ಸೇರಿಸಿ ಈ ಬಂಧವನ್ನು ಬಿಡಿಸಿದರೆ ಮೇದಾಮ್ಲ ಬೇರೆ, ಗ್ಲಿಸರಿನ್ ಬೇರೆ. ಮೇದಾಮ್ಲದಿಂದ ಸಾಬೂನು, ಮೇಣದ ಬತ್ತಿ, ಜಾರುಕ ಎಣ್ಣೆ; ಗ್ಲಿಸರಿನ್ನಿನಿಂದ ಔಷಧ, ಕಾಂತಿವರ್ಧಕ, ಯುದ್ಧಕಾಲದಲ್ಲಿ ಸಿಡಿಮದ್ದು.

ಆದರೆ ಎಣ್ಣೆಗೆ ನೀರು ಬೆರೆಸಿ ಕುದಿಸಿದ ಮಾತ್ರಕ್ಕೆ ಈ ಬಂಧ ಬಿಡದು. ಹಾಗಾಗಿದ್ದರೆ ನಮ್ಮ ಮನೆಯ ಸಾರಿನ ಒಗ್ಗರಣೆ ಪ್ರತಿದಿನ ಗ್ಲಿಸರಿನ್ ಆಗಬೇಕಿತ್ತು. ಕ್ರಿಯೆ ನಡೆಯುತ್ತದೆ, ಆದರೆ ತೀರ ನಿಧಾನ. ಅದನ್ನು ಚುರುಕುಗೊಳಿಸಿ, ಕೊನೆಗೆ ತಾನು ಮೊದಲಿನಂತೆಯೇ ಹೊರಬರುವ ವಸ್ತುವನ್ನು ಕ್ರಿಯಾವರ್ಧಕ ಎನ್ನುತ್ತೇವೆ. ಈ ಕಲ್ಪನೆಗೆ 1835ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಬರ್ಜೀಲಿಯಸ್. ಪಾಠ ಹೇಳುವಾಗ ಹಾಲಿಗೆ ಹಾಕುವ ಹೆಪ್ಪಿನ ಉದಾಹರಣೆ ಕೊಡುವ ರೂಢಿಯುಂಟು. ಅದು ಸರಿಯಾದ ಉದಾಹರಣೆಯಲ್ಲ. ಹೆಪ್ಪಿನ ಜೀವಾಣು ಹಾಲನ್ನುಂಡು ತಾನೇ ಬೆಳೆಯುತ್ತದೆ. ಎರಡು ಮನೆಯವರನ್ನು ಕೂಡಿಸಿ, ಸಂಬಂಧ ಕುದುರಿದ ಮೇಲೆ ಎದ್ದು ಇನ್ನೊಂದು ಊರಿಗೆ ಹೋಗುವ ಹಿರಿಯರ ಹೋಲಿಕೆ ಹೆಚ್ಚು ಹತ್ತಿರದ್ದು.

ಆಮ್ಲಗಳು ಇಂಥ ಕೆಲಸದಲ್ಲಿ ನಿಪುಣ. ಜರ್ಮನಿಯ ಎಮಿಲ್ ಫಿಷರ್ ಮತ್ತು ಆರ್ಥರ್ ಸ್ಪೈಯರ್ 1895ರಲ್ಲಿ, ಸಾವಯವ ಆಮ್ಲವೊಂದನ್ನು ಆಲ್ಕೊಹಾಲಿನೊಡನೆ ಸೇರಿಸಿ ಎಸ್ಟರ್ ಮಾಡುವಾಗ ಅಲ್ಪ ಪ್ರಮಾಣದ ಪ್ರಬಲ ಆಮ್ಲವೇ ಸಾಕೆಂದು ತೋರಿಸಿದರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಬಂಧ ಕೂಡಿಸುವ ಆಮ್ಲವೇ ಬಂಧ ಬಿಡಿಸುವ ಆಮ್ಲವೂ ಹೌದು. ನೀರು ಹೆಚ್ಚಾಗಿದ್ದರೆ ಎಣ್ಣೆ ಒಡೆಯುತ್ತದೆ. ನೀರನ್ನು ಹೊರತೆಗೆಯುತ್ತಾ ಹೋದರೆ ಎಸ್ಟರ್ ಕೂಡಿಕೊಳ್ಳುತ್ತದೆ. ದಾರಿಯನ್ನು ನಿರ್ಧರಿಸುವುದು ಪರಿಸ್ಥಿತಿ. ಕ್ರಿಯಾವರ್ಧಕ ನಡಿಗೆಯನ್ನು ಮಾತ್ರ ಬೇಗಗೊಳಿಸುತ್ತದೆ.

ಹುಣಸೆಗಿಂತ ಹುಳಿ

ಹಿಂದೂಪುರ, ಮಡಕಶಿರಾಗಳ ಹುಣಸೆಯನ್ನು ಬಲ್ಲ ನಮಗೆ ಹುಳಿಯ ಪರಿಚಯ ಬೇಕಾಗಿಲ್ಲ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ. ಇವೆಲ್ಲ ಸಾವಯವ ಆಮ್ಲಗಳು. ಇವೆಲ್ಲ ದುರ್ಬಲ ಆಮ್ಲಗಳು. ಹೀಗಾಗಿ ಸಾವಯವ ಆಮ್ಲವೆಂದರೆ ದುರ್ಬಲ, ಖನಿಜಾಮ್ಲವೆಂದರೆ ಪ್ರಬಲ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಈ ನಿಯಮಕ್ಕೆ ದೊಡ್ಡ ಅಪವಾದ ಸಲ್ಫೋನಿಕ್ ಆಮ್ಲಗಳ ಕುಲ. ಬೆಂಜೀನ್, ಟಾಲ್ಯೂಯಿನ್, ನ್ಯಾಫ್ತಲೀನ್‌ನಂಥ ಸಾವಯವ ವಸ್ತುವನ್ನು ಗಂಧಕಾಮ್ಲದೊಡನೆ ಕಾಯಿಸಿದಾಗ ಹುಟ್ಟುವ ಈ ಆಮ್ಲಗಳು ಗುಣದಲ್ಲಿ ತಾಯಿ ಗಂಧಕಾಮ್ಲವನ್ನೂ ಮೈಕಟ್ಟಿನಲ್ಲಿ ಎಣ್ಣೆಯನ್ನೂ ಹೋಲುತ್ತವೆ. ಪ್ಯಾರಾ-ಟಾಲ್ಯೂಯಿನ್ ಸಲ್ಫೋನಿಕ್ ಆಮ್ಲ ಎಂಬ ಬಿಳಿ ಹರಳು ನಮ್ಮ ವಿನಿಗರಿನ ಅಸಿಟಿಕ್ ಆಮ್ಲಕ್ಕಿಂತ ಕೋಟಿ ಪಾಲಿಗೂ ಮಿಗಿಲಾದ ಪ್ರಬಲತೆಯುಳ್ಳದ್ದು.

ಈ ದ್ವಿಗುಣವನ್ನು ಕಾರ್ಖಾನೆಗೆ ತಂದವನು ಅಮೆರಿಕದ ಸಿನ್ಸಿನಾಟಿಯ ಅರ್ನ್‌ಸ್ಟ್ ಟ್ವಿಚೆಲ್. ಎಣ್ಣೆಯನ್ನು ಒಡೆಯಲು ಆ ಕಾಲದಲ್ಲಿ ಎರಡು ದಾರಿಗಳಿದ್ದವು. ಒಂದು, ಸುಣ್ಣ ಸೇರಿಸಿ ಹೆಚ್ಚಿನ ಒತ್ತಡದ ಆವಿಯ ಪಾತ್ರೆಯಲ್ಲಿ ಬೇಯಿಸುವುದು. ಅದಕ್ಕೆ ದಪ್ಪ ಲೋಹದ, ದುಬಾರಿಯ ಪಾತ್ರೆ ಬೇಕು. ಇನ್ನೊಂದು, ಗಂಧಕಾಮ್ಲದಿಂದ ಒಡೆಯುವುದು. ಆದರೆ ಗಂಧಕಾಮ್ಲ ನೀರಿನಲ್ಲಿ ಉಳಿಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಎರಡರ ಭೇಟಿಯೇ ಕಷ್ಟ. ಭೇಟಿ ಮಾಡಿಸಲು ಆಮ್ಲವನ್ನು ಗಟ್ಟಿ ಮಾಡಿದರೆ ಎಣ್ಣೆಯೇ ಕರಿಕಾಗುತ್ತದೆ. ಟ್ವಿಚೆಲ್ ಓಲೆಯಿಕ್ ಆಮ್ಲವನ್ನೂ ಬೆಂಜೀನ್ ಅಥವಾ ನ್ಯಾಫ್ತಲೀನನ್ನೂ ಗಂಧಕಾಮ್ಲದೊಡನೆ ಕೂಡಿಸಿ ಹೊಸದೊಂದು ಸಲ್ಫೋನಿಕ್ ಆಮ್ಲವನ್ನು ಪಡೆದ. 1898ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಅದರ ಒಂದು ತುದಿ ಎಣ್ಣೆಯಲ್ಲಿ ಕರಗುತ್ತದೆ. ಇನ್ನೊಂದು ತುದಿ ನೀರನ್ನು ಬಯಸುವ ಪ್ರಬಲ ಆಮ್ಲ. ಶೇಕಡಾ ಒಂದರ ಆಸುಪಾಸು ಸೇರಿಸಿ, ತೆರೆದ ತೊಟ್ಟಿಯಲ್ಲಿ ಆವಿ ಹಾಯಿಸಿ ಒಂದೆರಡು ದಿನ ಕುದಿಸಿದರೆ ಎಣ್ಣೆಯ ಬಹುಪಾಲು ಒಡೆದು ಮೇದಾಮ್ಲ ಮೇಲೆ, ಗ್ಲಿಸರಿನ್ ಬೆರೆತ ಸಿಹಿನೀರು ಕೆಳಗೆ ನಿಲ್ಲುತ್ತಿತ್ತು. ಒತ್ತಡದ ಪಾತ್ರೆಯಿಲ್ಲದೆ, ಅಲ್ಪ ಬಂಡವಾಳದಲ್ಲಿ ಆಗುವ ಕೆಲಸವಾದ್ದರಿಂದ ಸಣ್ಣ ಕಾರ್ಖಾನೆಗಳಿಗೂ ಇದು ಎಟುಕಿತು. ಮೇದಾಮ್ಲದ ಬಣ್ಣ ಕಪ್ಪಾಗುವುದೊಂದು ದೋಷ. ಮುಂದೆ 1930ರ ದಶಕದಿಂದೀಚೆಗೆ ಅತಿ ಒತ್ತಡದ ಆವಿಯಿಂದ ನಿರಂತರವಾಗಿ ಎಣ್ಣೆ ಒಡೆಯುವ ಗೋಪುರಗಳು ಬಂದು ಟ್ವಿಚೆಲನ ತೊಟ್ಟಿಯನ್ನು ಹಿಂದಿಕ್ಕಿದವು.

ರಷ್ಯಾದ ಗ್ರಿಗೊರಿ ಪೆಟ್ರೋವ್ ಇದೇ ಜಾಡಿನಲ್ಲಿ ನಡೆದು, ಪೆಟ್ರೋಲಿಯಂ ಎಣ್ಣೆಯನ್ನು ಶುದ್ಧಮಾಡುವಾಗ ಸಿಗುವ ಸಲ್ಫೋನಿಕ್ ಆಮ್ಲಗಳನ್ನು ಕೊಬ್ಬು ಒಡೆಯಲು ಬಳಸಿದ. ಅದೇ ಆಮ್ಲ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಬೆಸೆದು ಗಟ್ಟಿ ರಾಳವಾಗಿಸಲೂ ನೆರವಾಯಿತು. ರಷ್ಯಾದ ಕಾರ್ಬೊಲೈಟ್ ಎಂಬ ಪ್ಲಾಸ್ಟಿಕ್ ಹುಟ್ಟಿದ್ದು ಹೀಗೆ. ಸಾಬೂನಿನ ಕಾರ್ಖಾನೆಯ ಆಮ್ಲವೊಂದು ಪ್ಲಾಸ್ಟಿಕ್ಕಿನ ಯುಗಕ್ಕೆ ಕಾಲಿಟ್ಟದ್ದು ಚರಿತ್ರೆಯ ವಿನೋದ.

ಹರಳೆಣ್ಣೆಗೂ ಈ ಕುಲದಲ್ಲಿ ನೆಂಟಸ್ತಿಕೆಯುಂಟು. ಹರಳೆಣ್ಣೆಯನ್ನು ಗಂಧಕಾಮ್ಲದಿಂದ ಸಂಸ್ಕರಿಸಿ, ತೊಳೆದು, ಕ್ಷಾರದಿಂದ ಶಮನಗೊಳಿಸಿದಾಗ ಆಗುವ ‘ಟರ್ಕಿ ರೆಡ್ ಆಯಿಲ್’ ನೀರಿನಲ್ಲಿ ಬೆರೆಯುವ ಎಣ್ಣೆ. ಹತ್ತಿಯ ನೂಲಿಗೆ ಅಲಿಜರಿನ್ ಎಂಬ ಕೆಂಪು ಬಣ್ಣ ಸಮನಾಗಿ ಹಿಡಿಯಲು ಇದು 19ನೆಯ ಶತಮಾನದ ಕೊನೆಯ ಭಾಗದಿಂದ ನೆರವಾಯಿತು. ಹರಳು ನಮ್ಮಂಥ ಒಣಭೂಮಿಯ ಬೆಳೆ, ಮಗ್ಗ ನಮ್ಮ ಊರುಗಳ ಕಸುಬು. ನಡುವಿನ ಎಣ್ಣೆ ಮಾತ್ರ ದೂರದ ಕಾರ್ಖಾನೆಯ ಸರಕು.

ಬೆಂಗಳೂರಿನ ನಂಟು

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದವರು ಜೆ. ಜೆ. ಸಡ್‌ಬರೊ. ಆಮ್ಲಗಳ ನೆರವಿನಿಂದ ಎಸ್ಟರುಗಳು ಎಷ್ಟು ವೇಗದಲ್ಲಿ ಆಗುತ್ತವೆ ಎಂಬುದರ ಅಳತೆಯೇ ಇಂಗ್ಲೆಂಡಿನಲ್ಲಿ ಅವರ ಮೊದಲ ಅಧ್ಯಯನದ ವಿಷಯವಾಗಿತ್ತು. ಬೆಂಗಳೂರಿಗೆ ಬಂದ ಮೇಲೆ ಅವರು ಭಾರತದ ಎಣ್ಣೆ ಕೊಬ್ಬುಗಳ ಪರೀಕ್ಷೆಗೆ ತೊಡಗಿದರು, ಅವರೂ ಎಚ್. ಇ. ವಾಟ್ಸನ್ನರೂ ನಡೆಸಿದ ಪ್ರಯೋಗಗಳಿಂದ ಮೈಸೂರು ಸರ್ಕಾರದ ಗಂಧದೆಣ್ಣೆಯ ಉದ್ಯಮ 1916ರಲ್ಲಿ ಮೊದಲಾಯಿತು. ಅದರ ಬೆನ್ನಿಗೇ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಸರ್ಕಾರಿ ಸಾಬೂನು ಕಾರ್ಖಾನೆ ಬಂದಿತು. ಗಂಧದ ಮರವನ್ನು ಮರವಾಗಿಯೇ ಹಡಗಿಗೇರಿಸುತ್ತಿದ್ದ ನಾಡು ಅದನ್ನು ಎಣ್ಣೆಯಾಗಿ, ಸಾಬೂನಾಗಿ ಮಾರಲು ಕಲಿತದ್ದು ಹತ್ತು ವರ್ಷಗಳೊಳಗೆ. ಮೊದಲ ಮಹಾಯುದ್ಧದಲ್ಲಿ ಹಡಗುಗಳ ದಾರಿ ಕಟ್ಟಿದ್ದೇ ಈ ಎಚ್ಚರಕ್ಕೆ ಕಾರಣವಾಯಿತೆಂಬುದೂ ನಿಜ.

ಕಡಲೆಕಾಯಿಗೆ ಅಂಥ ಅದೃಷ್ಟ ಬರಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಿಂದ ಓಡಿತು. ಆದರೆ ಅಗ್ಗದ ಖನಿಜ ತೈಲದ ಎದುರು ಆ ದಾರಿ ಮುಚ್ಚಿಹೋಯಿತು. 1937ರಿಂದ ಡಾಲ್ಡಾ ಮಾರುಕಟ್ಟೆಗೆ ಬಂದ ಮೇಲೆ ಕಡಲೆಕಾಯಿ ಎಣ್ಣೆ ನಿಕ್ಕಲ್ ಎಂಬ ಬೇರೊಂದು ಕ್ರಿಯಾವರ್ಧಕದ ಕೈಸೇರಿ ವನಸ್ಪತಿಯಾಯಿತು. ನಮ್ಮ ರೈತ ಮಾತ್ರ ಮೂಟೆ ಹೊತ್ತು ಮಂಡಿಗೆ ಹೋಗಿ ಅಂದಿನ ಧಾರಣೆ ಕೇಳುವವನಾಗಿಯೇ ಉಳಿದ.

ಇಂದಿನ ಕಾರ್ಖಾನೆಗಳಲ್ಲಿ

ಎಸ್ಟರ್ ಮಾಡುವಾಗ ಹುಟ್ಟುವ ನೀರನ್ನು ಆಗಿಂದಾಗ್ಗೆ ಹೊರತೆಗೆಯಬೇಕು ಎಂದೆನಷ್ಟೆ. 1920ರಲ್ಲಿ ಡೀನ್ ಮತ್ತು ಸ್ಟಾರ್ಕ್ ಎಂಬ ಇಬ್ಬರು ಪೆಟ್ರೋಲಿಯಂನಲ್ಲಿರುವ ನೀರನ್ನು ಅಳೆಯಲು ರಚಿಸಿದ ಗಾಜಿನ ಉಪಕರಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಾಯಿತು. ಟಾಲ್ಯೂಯಿನ್‌ನಲ್ಲಿ ಆಮ್ಲವನ್ನೂ ಆಲ್ಕೊಹಾಲನ್ನೂ ಹಾಕಿ, ಚಿಟಿಕೆಯಷ್ಟು ಪ್ಯಾರಾ-ಟಾಲ್ಯೂಯಿನ್ ಸಲ್ಫೋನಿಕ್ ಆಮ್ಲ ಬೆರೆಸಿ ಕುದಿಸಿದರೆ ನೀರು ಆವಿಯೊಡನೆ ಹೊರಟು ಪಕ್ಕದ ಕೊಳವೆಯಲ್ಲಿ ತಳಕ್ಕಿಳಿಯುತ್ತದೆ. ನೀರು ಇಳಿಯುವುದು ನಿಂತಿತೆಂದರೆ ಕ್ರಿಯೆ ಮುಗಿಯಿತೆಂದು ಲೆಕ್ಕ. ಗಂಧಕಾಮ್ಲದ ಬದಲು ಈ ಹರಳನ್ನು ಬಳಸಲು ಕಾರಣಗಳಿವೆ: ತೂಗಿ ಹಾಕುವುದು ಸುಲಭ, ಸಾವಯವ ದ್ರವದಲ್ಲಿ ಬೆರೆಯುತ್ತದೆ, ವಸ್ತುವನ್ನು ಕರಿಕು ಮಾಡುವುದು ಕಡಿಮೆ.

ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಎಸ್ಟರುಗಳು, ಸುವಾಸನಾ ದ್ರವ್ಯಗಳು, ಔಷಧ ತಯಾರಿಕೆಯ ನಡುವಿನ ಹಂತಗಳು, ವಾಹನದ ಬಣ್ಣ ಒಲೆಯಲ್ಲಿ ಒಣಗಿ ಗಟ್ಟಿಯಾಗುವ ಕ್ರಿಯೆ, ಎಲ್ಲೆಡೆ ಈ ಕುಲದ ಆಮ್ಲಗಳು ದುಡಿಯುತ್ತವೆ. ಎರಕದ ಕಾರ್ಖಾನೆಗಳಲ್ಲಿ ಮರಳಿಗೆ ಫ್ಯೂರಾನ್ ರಾಳ ಬೆರೆಸಿ ಅಚ್ಚು ಮಾಡುವಾಗ ಈ ಆಮ್ಲವನ್ನು ಸೇರಿಸಿದರೆ, ಬೆಂಕಿಯಿಲ್ಲದೆ, ಸ್ವಲ್ಪ ಹೊತ್ತಿನಲ್ಲೇ ಅಚ್ಚು ಕಲ್ಲಾಗುತ್ತದೆ. ನಮ್ಮ ಊರುಗಳಲ್ಲಿ ಬಟ್ಟೆ ಒಗೆಯುವ ಪುಡಿ ಮಾಡುವ ಸಣ್ಣ ಉದ್ದಿಮೆಯವರು ಕ್ಯಾನುಗಳಲ್ಲಿ ತರಿಸುವ ಕಂದು ಬಣ್ಣದ ‘ಆಸಿಡ್ ಸ್ಲರಿ’ ಕೂಡ ಇದೇ ಮನೆತನದ್ದು. ವಾಷಿಂಗ್ ಸೋಡಾ ಸೇರಿಸಿದಾಗ ಅದು ಡಿಟರ್ಜೆಂಟ್ ಆಗುತ್ತದೆ. ಆಮ್ಲವಾಗಿಯೇ ಇದ್ದಾಗ ಕ್ರಿಯಾವರ್ಧಕವಾಗಿ ದುಡಿಯಬಲ್ಲದು.

ಇನ್ನು ನಮ್ಮ ಹುಡುಗನ ಪ್ರಶ್ನೆ. ಕ್ರಿಯೆಯಲ್ಲಿ ವ್ಯಯವಾಗದ ಆಮ್ಲ ಕ್ರಿಯೆ ಮುಗಿದ ಮೇಲೆ ವ್ಯರ್ಥವಾಗುತ್ತದೆ. ಸರಕಿನಲ್ಲಿ ಆಮ್ಲ ಉಳಿಯಬಾರದೆಂದು ಕ್ಷಾರ ಹಾಕಿ ಶಮನ ಮಾಡುತ್ತಾರೆ, ನೀರಿನಲ್ಲಿ ತೊಳೆಯುತ್ತಾರೆ; ತೊಳೆದ ನೀರು ಚರಂಡಿಗೆ. ಹಣವೂ ಹೋಯಿತು, ನೀರೂ ಕೆಟ್ಟಿತು. ಇದಕ್ಕೆ ಪರಿಹಾರವಾಗಿ ಬಂದದ್ದು ಸಣ್ಣ ಮಣಿಗಳಂಥ ರಾಳ. ಪಾಲಿಸ್ಟೈರೀನ್ ಮಣಿಗೆ ಸಲ್ಫೋನಿಕ್ ಆಮ್ಲದ ಗುಂಪುಗಳನ್ನು ಕಚ್ಚಿಸಿರುತ್ತಾರೆ. ಕೆಲಸ ಮುಗಿದ ಮೇಲೆ ಸೋಸಿ ಮತ್ತೆ ಬಳಸಬಹುದು. ನಮ್ಮ ಕೊಳವೆಬಾವಿಯ ಗಡಸು ನೀರನ್ನು ಮೆದು ಮಾಡುವ ಯಂತ್ರದೊಳಗಿನ ಮಣಿಗಳು ಇದರ ಲವಣರೂಪ. ಅಂದು ತರಗತಿಯಲ್ಲಿ ಇಷ್ಟನ್ನು ಹೇಳಬೇಕಿತ್ತು.

ಬದುವಿನ ಹೊಂಗೆ

ಕೊನೆಗೆ ನಮ್ಮ ಬದುವಿಗೇ ಮರಳೋಣ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಹಳ್ಳಿಯ ಡೀಸೆಲ್ ಎಂಜಿನ್ನುಗಳನ್ನು ಹೊಂಗೆ ಎಣ್ಣೆಯಿಂದ ಓಡಿಸಿ, ಕಗ್ಗನಹಳ್ಳಿಯಲ್ಲಿ ಕೊಳವೆಬಾವಿಗಳಿಂದ ನೀರೆತ್ತಿ ತೋರಿಸಿದರು. ಸೋಸಿದ ಎಣ್ಣೆಯನ್ನು ಹಾಗೆಯೇ ಬಳಸುವುದು ಅವರ ದಾರಿ. ವಾಹನಗಳಿಗೆ ಒಗ್ಗಬೇಕಾದರೆ ಎಣ್ಣೆಯನ್ನು ತೆಳುವಾದ ಎಸ್ಟರ್ ಆಗಿಸಬೇಕು, ಅದೇ ಬಯೋಡೀಸೆಲ್. ಮೆಥನಾಲ್ ಮತ್ತು ಕ್ಷಾರ ಸೇರಿಸಿದರೆ ಶುದ್ಧ ಎಣ್ಣೆ ಬೇಗ ಎಸ್ಟರ್ ಆಗುತ್ತದೆ. ಆದರೆ ಮಳೆಗೆ ನೆಂದು, ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಬೀಜದ ಎಣ್ಣೆಯಲ್ಲಿ ಬಿಡಿ ಮೇದಾಮ್ಲ ಹೆಚ್ಚು. ಅದು ಶೇಕಡಾ ಎರಡರ ಆಸುಪಾಸು ಮೀರಿತೆಂದರೆ ಕ್ಷಾರ ಅದರೊಡನೆ ಕೂಡಿ ಸಾಬೂನಾಗಿ, ಪಾತ್ರೆಯೆಲ್ಲ ನೊರೆ. ಆದ್ದರಿಂದ ಮೊದಲು ಆಮ್ಲದ ಹಂತ: ಮೆಥನಾಲಿನೊಡನೆ ಗಂಧಕಾಮ್ಲವೋ ಪ್ಯಾರಾ-ಟಾಲ್ಯೂಯಿನ್ ಸಲ್ಫೋನಿಕ್ ಆಮ್ಲವೋ ಸೇರಿಸಿ ಬಿಡಿ ಮೇದಾಮ್ಲವನ್ನು ಎಸ್ಟರ್ ಆಗಿಸುವುದು, ಬಳಿಕ ಕ್ಷಾರದ ಹಂತ. ಸಿನ್ಸಿನಾಟಿಯಲ್ಲಿ ಎಣ್ಣೆ ಒಡೆಯಲು ಬಂದ ಆಮ್ಲಕುಲ ಇಲ್ಲಿ ಕೂಡಿಸಲು ನಿಂತಿದೆ.

2009ರಲ್ಲಿ ಕರ್ನಾಟಕ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ರೂಪುಗೊಂಡಿತು. ಆಂಧ್ರದಲ್ಲಿಯೂ ಹೊಂಗೆ ನೆಡುವ ಯೋಜನೆಗಳು ಬಂದವು. 2018ರ ರಾಷ್ಟ್ರೀಯ ನೀತಿ 2030ರ ಹೊತ್ತಿಗೆ ಡೀಸೆಲ್‌ಗೆ ಶೇಕಡಾ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿತು. ಉತ್ಸಾಹದ ಮಾತುಗಳಿಗೆ ಕೊರತೆಯಿರಲಿಲ್ಲ. ಆದರೆ ಹೊಂಗೆ ನೆಟ್ಟ ವರ್ಷವೇ ಕಾಯಿ ಬಿಡುವ ಗಿಡವಲ್ಲ. ಬೀಜದಲ್ಲಿ ಎಣ್ಣೆ ಮೂರನೆಯ ಒಂದು ಪಾಲಿನಷ್ಟೇ. ಅಲ್ಲೊಂದು ಇಲ್ಲೊಂದು ಮರದಿಂದ ಆಯ್ದು, ಕುಟ್ಟಿ, ತೂರಿ, ಚೀಲಕ್ಕೆ ತುಂಬುವ ಹೆಂಗಸರ ಕೂಲಿಗೆ ತಕ್ಕ ಬೆಲೆ ಸಿಗದಿದ್ದರೆ ಯಾವ ಕ್ರಿಯಾವರ್ಧಕವೂ ಆ ಕ್ರಿಯೆಯನ್ನು ನಡೆಸಲಾರದು. ಹಾಗೆಂದು ಹೊಂಗೆ ವ್ಯರ್ಥವೆನ್ನಲಾಗದು. ಬರಗಾಲಕ್ಕೆ ಅಂಜದ ಮರ, ಹೊಲಕ್ಕೆ ಹಿಂಡಿಯ ಗೊಬ್ಬರ, ದಾರಿಹೋಕರಿಗೆ ನೆರಳು. ಬೀಜವನ್ನು ಒಣಗಿಸಿ ಜೋಪಾನ ಮಾಡಿದರೆ ಬಿಡಿ ಮೇದಾಮ್ಲ ಕಡಿಮೆಯಾಗಿ ಆಮ್ಲದ ಹಂತದ ಖರ್ಚೂ ಉಳಿಯುತ್ತದೆ. ಇಷ್ಟು ಸಣ್ಣ ತಿಳುವಳಿಕೆಯೂ ಹಣವೇ.

ಆದ್ದರಿಂದ ಮೊದಲ ಪ್ರಶ್ನೆಗೆ ನನಗೆ ತೋರುವ ಉತ್ತರವಿದು. ನಮ್ಮಲ್ಲಿ ಬೀಜವಿತ್ತು, ದುಡಿಯುವ ಕೈಗಳಿದ್ದವು; ಬೀಜದೊಳಗೇನಿದೆ ಎಂಬ ತಿಳುವಳಿಕೆ ಬೆಳೆಯುವವರ ಮನೆಯವರೆಗೆ ನಡೆದು ಬರಲಿಲ್ಲ. ಅನಂತಪುರದ ತೈಲ ಸಂಸ್ಥೆಗೂ ಕಡಲೆಕಾಯಿ ಬಿಡಿಸುವ ಅಂಗಳಕ್ಕೂ ನಡುವೆ ಇರುವ ದೂರ ಮೈಲಿಗಳದ್ದಲ್ಲ, ಭಾಷೆಯದು. ಗಡಿಯಾಚೆಯಿಂದ ಪುಸ್ತಕ ಬರುವುದು ತಡವಾದ ವರ್ಷಗಳಲ್ಲೂ, ಮೂರು ಭಾಷೆಗಳ ನಡುವೆ ಮಕ್ಕಳು ತಡವರಿಸಿದ ದಿನಗಳಲ್ಲೂ, ಈ ಶಾಲೆ ಆ ದೂರವನ್ನು ಸ್ವಲ್ಪವಾದರೂ ಕಡಿಮೆ ಮಾಡಿದೆ. ಇಲ್ಲಿ ಎಸ್ಟರ್ ಎಂಬ ಮಾತನ್ನು ಕನ್ನಡದಲ್ಲಿ ಕೇಳಿ ತಿಳಿದ ಮಕ್ಕಳು ಮುಂದೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಓದಿ ಔಷಧದ ಕಾರ್ಖಾನೆಗಳಲ್ಲಿ, ಪ್ರಯೋಗಶಾಲೆಗಳಲ್ಲಿ ಕೆಲಸಕ್ಕೆ ನಿಂತಿದ್ದಾರೆ. ಅವರಲ್ಲಿ ಕೆಲವರಾದರೂ ಊರಿಗೆ ಬಂದಾಗ ಒಂದು ಮಧ್ಯಾಹ್ನ ತರಗತಿಗೆ ಬಂದು ನಿಂತು, ಹಿಂದಿನ ಬೆಂಚಿನ ಮಕ್ಕಳು ಕೇಳುವ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಲಿ ಎಂಬುದು ಈ ಶತಮಾನೋತ್ಸವದ ಹೊತ್ತಿನಲ್ಲಿ ಹಳೆಯ ಮೇಷ್ಟರೊಬ್ಬನ ಬೇಡಿಕೆ.